ಗೆದ್ದ ಮೇಲೆ ಕತ್ತಿ ಹಿಂತಿರುಗಿಸಿದ ಜಾರ್ಜ್ ವಾಷಿಂಗ್ಟನ್



ನಮ್ಮ ಗೋಡೆ ಪತ್ರಿಕೆಯ ಮಹನೀಯರ ಬಾಳು ಅಂಕಣಕ್ಕೆ ಈ ತಿಂಗಳು ಬರೆಯುವ ಸರದಿ ನನ್ನದು. ಗಾಂಧೀಜಿ, ಅಂಬೇಡ್ಕರ್, ಕಿತ್ತೂರು ಚೆನ್ನಮ್ಮ ಇವರ ಬಗ್ಗೆ ಗೆಳೆಯರು ಆಗಲೇ ಬರೆದಿದ್ದಾರೆ. ನಾನು ಅಮೆರಿಕದ ಜಾರ್ಜ್ ವಾಷಿಂಗ್ಟನ್ ಅವರ ಹೆಸರು ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ನಮ್ಮೂರಿಗೂ ಆ ಮನುಷ್ಯನಿಗೂ ಏನಪ್ಪಾ ಸಂಬಂಧ ಅಂತ. ಸಂಬಂಧ ಇದೆ. ನಾವು ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ಕೋಟೆ ನೋಡಿದೆವಲ್ಲ, ಆ ಕೋಟೆಗೆ 1792ರಲ್ಲಿ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಕಾರ್ನ್‌ವಾಲಿಸ್ ಇದ್ದಾನಲ್ಲ, ಅವನೇ ಅದಕ್ಕೆ ಹನ್ನೊಂದು ವರ್ಷ ಮುಂಚೆ ವಾಷಿಂಗ್ಟನ್ನರ ಮುಂದೆ ಸೋತು ಶರಣಾದವನು! ಇದು ಗೊತ್ತಾದ ದಿನದಿಂದ ನನಗೆ ಅವರ ಚರಿತ್ರೆ ಓದುವ ಹುಚ್ಚು ಹಿಡಿಯಿತು.

ಮೊದಲೇ ಒಂದು ಮಾತು. ಅಪ್ಪನ ಚೆರ್ರಿ ಗಿಡ ಕಡಿದು, ಆಮೇಲೆ ನಿಜ ಒಪ್ಪಿಕೊಂಡ ಬಾಲಕ ವಾಷಿಂಗ್ಟನ್ ಕಥೆಯನ್ನು ನಾವೆಲ್ಲ ಚಿಕ್ಕ ತರಗತಿಯಲ್ಲಿ ಕೇಳಿದ್ದೇವೆ. ಅದು ನಡೆದದ್ದಲ್ಲ. ಅವರು ಸತ್ತ ಮೇಲೆ ವೀಮ್ಸ್ ಎಂಬ ಲೇಖಕ ತನ್ನ ಪುಸ್ತಕದಲ್ಲಿ ಸೇರಿಸಿದ ಕಟ್ಟುಕಥೆ. ಸತ್ಯ ಹೇಳಬೇಕು ಅಂತ ಮಕ್ಕಳಿಗೆ ಕಲಿಸೋಕೆ ಒಂದು ಸುಳ್ಳು ಬರೆದರಲ್ಲ ಅಂತ ನನಗೆ ನಗು ಬಂತು.

ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ವರ್ಜೀನಿಯಾದಲ್ಲಿ. ಆಗ ಅಮೆರಿಕ ಅನ್ನುವ ದೇಶವೇ ಇರಲಿಲ್ಲ. ಅಟ್ಲಾಂಟಿಕ್ ಸಾಗರದ ದಂಡೆಯುದ್ದಕ್ಕೂ ಇಂಗ್ಲೆಂಡಿನ ರಾಜನ ಕೈಕೆಳಗೆ ಬೇರೆ ಬೇರೆ ವಸಾಹತುಗಳಿದ್ದವು. ಕೊನೆಗೆ ಸ್ವಾತಂತ್ರ್ಯಕ್ಕೆ ಎದ್ದು ನಿಂತವು 13. ಒಂದಕ್ಕೂ ಇನ್ನೊಂದಕ್ಕೂ ಅಷ್ಟೇನೂ ಹೊಂದಾಣಿಕೆ ಇರಲಿಲ್ಲ. ಉತ್ತರದವರು ಮೀನು, ಹಡಗು, ವ್ಯಾಪಾರ ಅಂತಿದ್ದರೆ ದಕ್ಷಿಣದವರು ಹೊಗೆಸೊಪ್ಪು, ಭತ್ತ ಬೆಳೆಯುತ್ತಿದ್ದರು. ಆ ಬೆಳೆ ಬೆಳೆಯುತ್ತಿದ್ದ ಕೈಗಳು ಬಹುಪಾಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರದ್ದು. ಇದನ್ನು ಮರೆಯದೆ ಮುಂದೆ ಓದಿ.

11ನೇ ವಯಸ್ಸಿಗೆ ತಂದೆ ತೀರಿಕೊಂಡರು. ತಂದೆಯ ಆಸ್ತಿಯಲ್ಲಿ ಹುಡುಗನ ಪಾಲಿಗೆ ಜಮೀನಿನ ಜೊತೆ ಹತ್ತು ಮಂದಿ ಗುಲಾಮರೂ ಬಂದರು. ಮಲ ಅಣ್ಣಂದಿರು ಇಂಗ್ಲೆಂಡಿಗೆ ಹೋಗಿ ಓದಿದ್ದರು. ಇವರಿಗೆ ಆ ಭಾಗ್ಯ ಇಲ್ಲ, ಕಾಲೇಜು ಮೆಟ್ಟಿಲನ್ನೂ ಹತ್ತಲಿಲ್ಲ. ಲೆಕ್ಕ ಮಾತ್ರ ಚೆನ್ನಾಗಿ ಬರುತ್ತಿತ್ತು. 16ನೇ ವಯಸ್ಸಿಗೆ ಸರಪಳಿ ಹಿಡಿದು ಜಮೀನು ಅಳೆಯುವ ಕೆಲಸಕ್ಕೆ ಕಾಡು ಗುಡ್ಡಗಳ ಕಡೆ ಹೊರಟರು. ಮರುವರ್ಷ ಒಂದು ಜಿಲ್ಲೆಯ ಮೋಜಣಿದಾರರೇ ಆದರು. ನಮ್ಮೂರಿಗೆ ಸರ್ವೆಯವರು ಬಂದಾಗ ಹೇಗೆ ಎಲ್ಲರೂ ಸುತ್ತ ನಿಲ್ಲುತ್ತಾರೋ ಅಲ್ಲೂ ಹಾಗೇ ಇದ್ದಿರಬೇಕು. ನೆಲದ ಏರು ತಗ್ಗು, ಹೊಳೆ ದಾಟುವ ಜಾಗ, ದಾರಿ ಇಲ್ಲದ ಕಡೆ ದಾರಿ ಇವೆಲ್ಲ ಅವರಿಗೆ ತಿಳಿದದ್ದು ಆ ಕೆಲಸದಿಂದಲೇ. ಮುಂದೆ ಯುದ್ಧದಲ್ಲಿ ಇದು ಉಪಯೋಗಕ್ಕೆ ಬಂತು.

1751ರಲ್ಲಿ ಕ್ಷಯ ಹಿಡಿದಿದ್ದ ಅಣ್ಣನ ಜೊತೆ ಬಾರ್ಬಡೋಸ್ ದ್ವೀಪಕ್ಕೆ ಹೋದರು. ಅಲ್ಲಿ ಅವರಿಗೆ ಸಿಡುಬು ಬಂತು. ಬದುಕಿಕೊಂಡರು, ಮುಖದ ಮೇಲೆ ಕಲೆ ಉಳಿಯಿತು. ಜೀವಮಾನದಲ್ಲಿ ಅವರು ಪರದೇಶಕ್ಕೆ ಹೋದದ್ದು ಅದೊಂದೇ ಸಲ. ಆ ಸಿಡುಬಿನ ವಿಷಯ ಮುಂದೆ ಮತ್ತೆ ಬರುತ್ತೆ.

ಆ ಕಾಲದಲ್ಲಿ ಅಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಜಗಳ. ವಾಷಿಂಗ್ಟನ್ ಇಂಗ್ಲಿಷರ ಕಡೆಯಿಂದ ಹೋರಾಡಿದರು. 1754ರಲ್ಲಿ ಸೋತು ಶರಣಾದರು. 1755ರಲ್ಲಿ ಬ್ರಾಡಕ್ ಎಂಬ ದೊಡ್ಡ ಸೇನಾಪತಿಯ ಜೊತೆ ಹೋಗಿ ಮತ್ತೆ ಸೋಲು. ಆ ದಿನ ಅವರು ಕೂತಿದ್ದ ಎರಡು ಕುದುರೆಗಳು ಗುಂಡು ತಿಂದು ಬಿದ್ದವು, ಕೋಟಿನಲ್ಲಿ ನಾಲ್ಕು ತೂತು ಬಿದ್ದಿತ್ತು, ಮೈಗೆ ಮಾತ್ರ ಒಂದೂ ತಾಗಲಿಲ್ಲ. ಕೆಂಪು ಕೋಟು ತೊಟ್ಟು ಸಾಲಾಗಿ ನಿಂತು ಹೋರಾಡುವ ಇಂಗ್ಲಿಷ್ ಸೈನ್ಯವನ್ನೂ ಸೋಲಿಸಬಹುದು ಅನ್ನುವುದನ್ನು ಅವರು ಕಣ್ಣಾರೆ ಕಂಡದ್ದು ಅಂದೇ.

1759ರಲ್ಲಿ ಮಾರ್ತಾ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾಗಿ ಮೌಂಟ್ ವರ್ನನ್ ಎಂಬ ತಮ್ಮ ಜಮೀನಿನಲ್ಲಿ ಬೇಸಾಯಕ್ಕೆ ಇಳಿದರು. ಆಕೆಗೆ ಮೊದಲ ಗಂಡನಿಂದ ಇಬ್ಬರು ಮಕ್ಕಳು. ಇವರಿಗೆ ಸ್ವಂತ ಮಕ್ಕಳಾಗಲಿಲ್ಲ. ಅವರ ಬೇಸಾಯದ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲಾಂದ್ರೆ ನಮ್ಮೂರಿನವರು ಬೇಜಾರು ಮಾಡ್ಕೋತಾರೆ. ವರ್ಷ ವರ್ಷ ಹೊಗೆಸೊಪ್ಪನ್ನೇ ಬೆಳೆದರೆ ನೆಲ ಸತ್ತು ಹೋಗುತ್ತೆ, ಲಂಡನ್ನಿನ ಸಾಹುಕಾರನ ಸಾಲವೂ ತೀರಲ್ಲ ಅಂತ ಕಂಡು ಅವರು ಗೋಧಿಗೆ ತಿರುಗಿದರು. ಬೆಳೆ ಬದಲಾಯಿಸಿ ಬದಲಾಯಿಸಿ ಹಾಕಿದರು. ಸಗಣಿ ಗೊಬ್ಬರ ಕೊಳೆಸೋಕೆ ಅಂತಲೇ ಚಾವಣಿ ಹಾಕಿದ ಒಂದು ಕಟ್ಟಡ ಕಟ್ಟಿಸಿದರು, ಅಂದರೆ ಸೂರು ಇರುವ ತಿಪ್ಪೆ! ಸ್ಪೇನ್ ದೇಶದ ರಾಜ ಅವರಿಗೆ 1785ರಲ್ಲಿ ಉಡುಗೊರೆಯಾಗಿ ಕಳಿಸಿದ್ದು ಏನು ಗೊತ್ತಾ? ಒಂದು ಗಂಡು ಕತ್ತೆ. ಅದರಿಂದ ಅವರು ಹೇಸರಗತ್ತೆಗಳನ್ನು ಹುಟ್ಟಿಸಿ ಉಳುಮೆಗೆ ಕಟ್ಟಿದರು.

ಇನ್ನು ಸ್ವಾತಂತ್ರ್ಯದ ವಿಷಯಕ್ಕೆ ಬರೋಣ. ಫ್ರೆಂಚರ ಮೇಲಿನ ಯುದ್ಧ 1763ರಲ್ಲಿ ಮುಗಿದಾಗ ಇಂಗ್ಲೆಂಡಿಗೆ ತಲೆ ಮೇಲೆ ಸಾಲ. ಅದರ ಭಾರವನ್ನು ವಸಾಹತಿನ ಜನರೂ ಹೊರಲಿ ಅಂತ 1765ರಲ್ಲಿ ಛಾಪಾ ಕಾಗದದ ತೆರಿಗೆ ಹಾಕಿದರು. ಪತ್ರಕ್ಕೆ, ಪತ್ರಿಕೆಗೆ, ಇಸ್ಪೀಟ್ ಎಲೆಗೂ ತೆರಿಗೆ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ನಮ್ಮ ಕಡೆಯವನು ಒಬ್ಬನೂ ಇಲ್ಲ, ನಮ್ಮನ್ನು ಕೇಳದೆ ಹಾಕಿದ ತೆರಿಗೆ ಯಾಕೆ ಕೊಡಬೇಕು ಎಂದು ಜನ ಎದ್ದರು. ಮರುವರ್ಷ ಅದನ್ನು ತೆಗೆದರೂ ಬೇರೆ ಬೇರೆ ರೂಪದಲ್ಲಿ ತೆರಿಗೆ ಬಂದೇ ಬಂತು. ಕೊನೆಗೆ 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಜನ ಹಡಗು ಹತ್ತಿ 342 ಪೆಟ್ಟಿಗೆ ಚಹಾ ಸೊಪ್ಪನ್ನು ಸಮುದ್ರಕ್ಕೆ ಸುರಿದರು. ಆ ಚಹಾ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು! ಬಂಗಾಳವನ್ನು ನುಂಗಿ, ಮೈಸೂರಿನ ಮೇಲೆ ಕಣ್ಣು ಹಾಕಿದ್ದ ಅದೇ ಕಂಪನಿ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು. ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಎಲ್ಲಾ ವಸಾಹತುಗಳ ಕಾಂಗ್ರೆಸ್ ಸಭೆ ವಾಷಿಂಗ್ಟನ್ನರನ್ನು ದಂಡನಾಯಕರನ್ನಾಗಿ ಮಾಡಿತು. ಸಂಬಳ ಬೇಡ, ಖರ್ಚಿನ ಲೆಕ್ಕ ಕೊಡ್ತೀನಿ, ಅಷ್ಟು ಕೊಟ್ಟರೆ ಸಾಕು ಎಂದರು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಆಯಿತು. ಘೋಷಣೆ ಆದ ಎರಡೇ ತಿಂಗಳಲ್ಲಿ ನ್ಯೂಯಾರ್ಕ್ ಬಳಿ ಭಾರಿ ಸೋಲು. ಒಂದು ರಾತ್ರಿಯಲ್ಲಿ ಸುಮಾರು 9,000 ಸೈನಿಕರನ್ನು ಸದ್ದಿಲ್ಲದೆ ದೋಣಿಗಳಲ್ಲಿ ದಾಟಿಸಿಕೊಂಡು ಪಾರಾದರು. ಬೆಳಿಗ್ಗೆ ಮಂಜು ಕವಿದದ್ದು ಅವರ ಪುಣ್ಯ.

ಅವರು ಗೆದ್ದ ಕಾಳಗಗಳಿಗಿಂತ ಸೋತ ಕಾಳಗಗಳೇ ಜಾಸ್ತಿ ಇರಬೇಕು. ಆದರೆ ಸೈನ್ಯ ಚದುರದ ಹಾಗೆ ನೋಡಿಕೊಂಡರು. ಅದೇ ದೊಡ್ಡ ಕೆಲಸ. 1776ರ ಕ್ರಿಸ್‌ಮಸ್ ರಾತ್ರಿ ಹಿಮದ ಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ಸುಮಾರು 2,400 ಜನರೊಂದಿಗೆ ದಾಟಿ, ಬೆಳಗಾಗುತ್ತಲೇ ಟ್ರೆಂಟನ್ ಊರಿನ ಮೇಲೆ ಬಿದ್ದು, ಇಂಗ್ಲಿಷರು ಬಾಡಿಗೆಗೆ ತಂದಿದ್ದ ಸುಮಾರು 900 ಜರ್ಮನ್ ಸಿಪಾಯಿಗಳನ್ನು ಸೆರೆ ಹಿಡಿದರು. ಮರುವರ್ಷದ ಚಳಿಗಾಲ ವ್ಯಾಲಿ ಫೋರ್ಜ್ ಎಂಬಲ್ಲಿ ಬೀಡು ಬಿಟ್ಟರು. ಕಾಲಿಗೆ ಜೋಡಿಲ್ಲ, ಹೊಟ್ಟೆಗೆ ಹಿಟ್ಟಿಲ್ಲ. ಅಲ್ಲಿ ಶತ್ರು ಒಂದು ಗುಂಡೂ ಹೊಡೆಯಲಿಲ್ಲ, ಆದರೂ ಸುಮಾರು 2,000 ಸೈನಿಕರು ಜ್ವರ, ಆಮಶಂಕೆ ಅಂತ ರೋಗದಿಂದಲೇ ಸತ್ತರು. ಸಿಡುಬಿನಿಂದ ಇನ್ನೂ ಎಷ್ಟು ಸಾಯುತ್ತಿದ್ದರೋ, ಆದರೆ 1777ರಲ್ಲೇ ವಾಷಿಂಗ್ಟನ್ ಧೈರ್ಯ ಮಾಡಿ ಸೈನಿಕರಿಗೆ ಸಿಡುಬಿನ ಚುಚ್ಚು ಹಾಕಿಸಲು ಆಜ್ಞೆ ಮಾಡಿದ್ದರು. ಹಾಲುಸಿಡುಬಿನ ಲಸಿಕೆ ಆಗಿನ್ನೂ ಬಂದಿರಲಿಲ್ಲ. ರೋಗಿಯ ಕೀವನ್ನೇ ಚರ್ಮ ಗೀರಿ ಹಚ್ಚುವ ಹಳೇ ಪದ್ಧತಿ, ಅದರಲ್ಲೂ ಕೆಲವರು ಸಾಯುವ ಅಪಾಯವಿತ್ತು. ಬಾರ್ಬಡೋಸಿನಲ್ಲಿ ತಾವೇ ಅನುಭವಿಸಿದ್ದರಿಂದ ಆ ರೋಗ ಅಂದ್ರೆ ಏನು ಅಂತ ಅವರಿಗೆ ಗೊತ್ತಿತ್ತು.

ಸರಟೋಗದಲ್ಲಿ ಇನ್ನೊಂದು ಅಮೆರಿಕನ್ ಸೈನ್ಯ ಗೆದ್ದ ಮೇಲೆ, 1778ರಲ್ಲಿ ಫ್ರಾನ್ಸ್ ದೇಶ ಇವರ ಜೊತೆ ಸೇರಿತು. ಇಲ್ಲಿಂದ ನಮ್ಮ ನಾಡಿನ ಎಳೆಯೂ ಸೇರಿಕೊಳ್ಳುತ್ತದೆ ನೋಡಿ. ಫ್ರೆಂಚರ ಮೇಲಿನ ಸಿಟ್ಟಿಗೆ ಇಂಗ್ಲಿಷರು ಭಾರತದಲ್ಲಿ ಪಾಂಡಿಚೇರಿ ಹಿಡಿದರು, 1779ರಲ್ಲಿ ಮಾಹೆ ಬಂದರನ್ನೂ ಹಿಡಿದರು. ಮಾಹೆ ಹೈದರಾಲಿಗೆ ಮದ್ದುಗುಂಡು ಬರುವ ಬಾಗಿಲು. ಹೈದರ್ ಕೆರಳಿ 1780ರಲ್ಲಿ ಯುದ್ಧಕ್ಕೆ ಇಳಿದ. ಪೊಲ್ಲಿಲೂರಿನಲ್ಲಿ ಕಂಪನಿ ಸೈನ್ಯ ನಾಶವಾಯಿತು. ಈ ಸುದ್ದಿ ಅಮೆರಿಕಕ್ಕೂ ಮುಟ್ಟಿ, ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟರು! ಆ ಹಡಗು 1782ರ ಏಪ್ರಿಲ್ 8ರಂದು ತನಗಿಂತ ದೊಡ್ಡದಾದ ಜನರಲ್ ಮಾಂಕ್ ಎಂಬ ಇಂಗ್ಲಿಷ್ ಹಡಗನ್ನು ಹಿಡಿಯಿತು. ಓದು ಬಾರದ ನಮ್ಮ ಹೈದರನ ಹೆಸರು ಸಾವಿರಾರು ಮೈಲಿ ಆಚೆ ಹಡಗಿನ ಮೇಲೆ ಬರೆಸಿಕೊಂಡಿತ್ತು ಅಂದರೆ ಹಿಂದಿನ ಬೆಂಚಿನವರು ಈಗ ಏನು ಹೇಳ್ತಾರೋ.

1781ರಲ್ಲಿ ಯಾರ್ಕ್‌ಟೌನ್. ಕಾರ್ನ್‌ವಾಲಿಸ್ ತನ್ನ ಸೈನ್ಯದೊಂದಿಗೆ ಸಮುದ್ರದ ಬೆನ್ನಿಗೆ ಅಂಟಿಕೊಂಡು ಕೂತಿದ್ದ, ಹಡಗು ಬಂದು ತನ್ನನ್ನು ಕಾಪಾಡುತ್ತವೆ ಅಂತ. ಬಂದದ್ದು ಫ್ರೆಂಚರ ಹಡಗುಗಳು. ನೆಲದ ಕಡೆ ವಾಷಿಂಗ್ಟನ್ನರೂ ಫ್ರೆಂಚ್ ಸೈನ್ಯವೂ ಸುತ್ತಿಕೊಂಡರು. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಇಂಗ್ಲಿಷ್ ಸೈನಿಕರು ಆಯುಧ ಕೆಳಗಿಟ್ಟರು. ಕಾರ್ನ್‌ವಾಲಿಸ್ ಮೈ ಸರಿ ಇಲ್ಲ ಅಂತ ನೆವ ಹೇಳಿ ತಾನು ಬರಲಿಲ್ಲ, ತನ್ನ ಕೈಕೆಳಗಿನವನ ಹತ್ತಿರ ಕತ್ತಿ ಕಳಿಸಿದ. ವಾಷಿಂಗ್ಟನ್ ಕೂಡ ಕಮ್ಮಿ ಇಲ್ಲ. ತಾವು ಅದನ್ನು ಮುಟ್ಟದೆ, ತಮ್ಮ ಕೈಕೆಳಗಿನ ಲಿಂಕನ್ ಎಂಬ ಅಧಿಕಾರಿಯ ಕಡೆ ತೋರಿಸಿದರು. ಇಷ್ಟೆಲ್ಲ ಸೋತವನಿಗೆ ಇಂಗ್ಲೆಂಡ್ ಕೊಟ್ಟ ಶಿಕ್ಷೆ ಏನು? 1786ರಲ್ಲಿ ಗವರ್ನರ್ ಜನರಲ್ ಮಾಡಿ ಭಾರತಕ್ಕೆ ಕಳಿಸಿದರು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಇಟ್ಟುಕೊಂಡು 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿದ. ಅಲ್ಲಿ ಕಳೆದದ್ದನ್ನು ಇಲ್ಲಿ ವಸೂಲಿ ಮಾಡಿದ ಹಾಗಾಯ್ತು.

ಯುದ್ಧ ಗೆದ್ದದ್ದಕ್ಕಿಂತ ಅದರ ನಂತರ ವಾಷಿಂಗ್ಟನ್ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. 1783ರಲ್ಲಿ ಸೈನಿಕರಿಗೆ ಎಷ್ಟೋ ತಿಂಗಳ ಸಂಬಳ ಬಾಕಿ. ಅಧಿಕಾರಿಗಳು ಸಿಟ್ಟಾಗಿ ಕಾಂಗ್ರೆಸ್ ಸಭೆಯ ಮೇಲೇ ತಿರುಗಿ ಬೀಳುವ ಮಾತಾಡುತ್ತಿದ್ದರು. ಮಾರ್ಚ್‌ನಲ್ಲಿ ಅವರ ಸಭೆಗೆ ವಾಷಿಂಗ್ಟನ್ ಹೋಗಿ ಬುದ್ಧಿ ಹೇಳಿದರು. ಯಾರೂ ಕರಗಲಿಲ್ಲ. ಆಮೇಲೆ ಒಂದು ಕಾಗದ ಓದಲು ಹೋಗಿ, ಅಕ್ಷರ ಕಾಣದೆ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅವರು ಕನ್ನಡಕ ಹಾಕಿದ್ದನ್ನು ಅಲ್ಲಿದ್ದ ಬಹಳ ಜನ ನೋಡಿಯೇ ಇರಲಿಲ್ಲ. ದೇಶದ ಕೆಲಸದಲ್ಲೇ ಕೂದಲು ನೆರೆತು ಕಣ್ಣೂ ಮಂಜಾಯಿತು ಅನ್ನುವ ಹಾಗೆ ಒಂದು ಮಾತು ಹೇಳಿದರಂತೆ. ಗಡಸು ಸಿಪಾಯಿಗಳು ಅತ್ತುಬಿಟ್ಟರು. ದಂಗೆಯ ಮಾತು ಅಲ್ಲಿಗೇ ನಿಂತಿತು. ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ಸ್ವಾತಂತ್ರ್ಯ ಒಪ್ಪಿ ಸಹಿ ಹಾಕಿತು. ಡಿಸೆಂಬರ್ 23ರಂದು ವಾಷಿಂಗ್ಟನ್ ಅನಾಪೊಲಿಸ್ ಊರಿನಲ್ಲಿ ಕಾಂಗ್ರೆಸ್ ಸಭೆಯ ಮುಂದೆ ನಿಂತು, ತಮಗೆ ಕೊಟ್ಟಿದ್ದ ಅಧಿಕಾರದ ಪತ್ರವನ್ನು ಹಿಂತಿರುಗಿಸಿ ಹಬ್ಬಕ್ಕೆ ಮನೆಗೆ ಹೋದರು. ಕೈಯಲ್ಲಿ ಸೈನ್ಯ ಇತ್ತು, ಜನ ಪೂಜೆ ಮಾಡುತ್ತಿದ್ದರು. ರಾಜ ಆಗಬಹುದಿತ್ತು. ಗೋಧಿ ಬೆಳೆಯೋಕೆ ಹೋದರು.

ಆದರೆ ಸ್ವಾತಂತ್ರ್ಯ ಬಂದ ಕೂಡಲೇ ದೇಶ ಆಗಲಿಲ್ಲ. 13 ರಾಜ್ಯ, 13 ದಾರಿ. ಎಲ್ಲಕ್ಕೂ ಸೇರಿ ಇದ್ದ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ, ರಾಜ್ಯಗಳನ್ನು ಕೇಳಬೇಕು, ಅವು ಕೊಟ್ಟರೆ ಕೊಟ್ಟವು. ಒಂದು ನಿಯಮ ಬದಲಿಸಬೇಕಾದರೆ 13 ಕೈಯೂ ಏಳಬೇಕು. 1786ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸಾಲಕ್ಕೆ ಜಮೀನು ಜಪ್ತಿಯಾಗುತ್ತಿದ್ದ ರೈತರು ಎದ್ದು ಕೋರ್ಟುಗಳ ಬಾಗಿಲು ಮುಚ್ಚಿಸಿದರು. ಅವರಲ್ಲಿ ಬಹಳ ಜನ ಸ್ವಾತಂತ್ರ್ಯಕ್ಕೆ ಹೋರಾಡಿದ ಸಿಪಾಯಿಗಳೇ. ಮುಂದಾಳು ಡೇನಿಯಲ್ ಶೇಸ್ ಕೂಡ ಆ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಆ ದಂಗೆ ಅಡಗಿತು, ಆದರೆ ಹೀಗೇ ಬಿಟ್ಟರೆ ಮನೆ ಮುರಿಯುತ್ತೆ ಅಂತ ಎಲ್ಲರಿಗೂ ಭಯ ಹುಟ್ಟಿತು.

1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. 55 ಜನ. ಬೇಸಿಗೆಯ ಸೆಖೆಯಲ್ಲಿ ಮಾತು ಹೊರಗೆ ಹೋಗದ ಹಾಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ನಾಲ್ಕು ತಿಂಗಳು ವಾದ ಮಾಡಿದರು. ಅಧ್ಯಕ್ಷರ ಕುರ್ಚಿಯಲ್ಲಿ ವಾಷಿಂಗ್ಟನ್. ಅವರು ಹೆಚ್ಚು ಮಾತಾಡಲಿಲ್ಲ, ಅವರು ಕೂತಿದ್ದಾರೆ ಅನ್ನುವುದೇ ಸಾಕಾಗಿತ್ತು. ದೊಡ್ಡ ರಾಜ್ಯಗಳು ಜನಸಂಖ್ಯೆ ಪ್ರಕಾರ ಸ್ಥಾನ ಕೊಡಿ ಅಂದವು, ಚಿಕ್ಕವು ಎಲ್ಲರಿಗೂ ಸಮ ಕೊಡಿ ಅಂದವು. ಕೊನೆಗೆ ಒಂದು ಮನೆಗೆ ಜನಸಂಖ್ಯೆ ಲೆಕ್ಕ, ಇನ್ನೊಂದು ಮನೆಗೆ ರಾಜ್ಯಕ್ಕೆ ಇಬ್ಬರು ಅಂತ ರಾಜಿ ಆಯಿತು. ಅದೇ ರಾಜಿಯ ಜೊತೆ ಒಂದು ಕೆಟ್ಟ ಲೆಕ್ಕವೂ ಸೇರಿತು. ಜನಸಂಖ್ಯೆ ಎಣಿಸುವಾಗ ಐದು ಜನ ಗುಲಾಮರನ್ನು ಮೂರು ಜನ ಎಂದು ಎಣಿಸಬೇಕಂತೆ. ಓಟು ಮಾತ್ರ ಅವರಿಗೆ ಇಲ್ಲ. ಸೆಪ್ಟೆಂಬರ್ 17ರಂದು 39 ಜನ ಸಹಿ ಹಾಕಿದರು.

ಈ ಭಾಗವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ನಮ್ಮ ತಾತ ಜಗುಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ತಾತ ಎಂಟನೇ ವಯಸ್ಸಿಗೆ ಅವರಪ್ಪನ ಸಾಲಕ್ಕೆ ಒಂದು ದೊಡ್ಡ ಮನೆಯಲ್ಲಿ ಜೀತಕ್ಕೆ ಸೇರಿದವರು. ದನದ ಕೊಟ್ಟಿಗೆಯಲ್ಲೇ ಮಲಗಿ ಬೆಳೆದವರು. 1976ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂದ ಮೇಲೆ ಬಿಡುಗಡೆ ಆದರು. ಅಷ್ಟು ಹೊತ್ತಿಗೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು 29 ವರ್ಷ ಆಗಿತ್ತು. ತಾತ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಎಂಟು ವರ್ಷ ಯುದ್ಧ ಮಾಡಿದರು ಅಂತೀಯಲ್ಲ ಮಗ, ಅವರ ಕುದುರೆ ನೋಡ್ಕೊಂಡವರು ಯಾರು ಅಂತ. ನಾನು ಹುಡುಕಿದೆ. ವಿಲಿಯಂ ಲೀ ಅಂತ ಒಬ್ಬರು. ಗುಲಾಮ. ಯುದ್ಧದ ಉದ್ದಕ್ಕೂ ವಾಷಿಂಗ್ಟನ್ನರ ಪಕ್ಕದಲ್ಲೇ ಕುದುರೆ ಮೇಲೆ ಇದ್ದವರು. ವ್ಯಾಲಿ ಫೋರ್ಜ್ ಚಳಿಯನ್ನೂ ಉಂಡವರು. ಸ್ವಾತಂತ್ರ್ಯದ ಯುದ್ಧ ಗೆದ್ದ ಮೇಲೆ ದಂಡನಾಯಕರ ಜೊತೆ ಮೌಂಟ್ ವರ್ನನ್‌ಗೆ ಗುಲಾಮರಾಗಿಯೇ ವಾಪಸು ಹೋದರು.

1789ರ ಏಪ್ರಿಲ್ 30ರಂದು ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿ ಮೊದಲ ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣ ತೆಗೆದುಕೊಂಡರು. ಆಯ್ಕೆಗಾರರ ಪೈಕಿ ಒಬ್ಬರೂ ಬೇರೆಯವರ ಕಡೆ ಹೋಗಲಿಲ್ಲ. ಆಗ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಮರದ ಹಲ್ಲು ಕಟ್ಟಿಸಿದ್ದರು ಅನ್ನುವುದು ಸುಳ್ಳು, ಅದು ದಂತ, ಲೋಹ, ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದು. ರಾಷ್ಟ್ರಾಧ್ಯಕ್ಷರನ್ನು ಏನೆಂದು ಕರೆಯಬೇಕು ಎಂದು ಸೆನೆಟ್‌ನಲ್ಲಿ ವಾರಗಟ್ಟಲೆ ಚರ್ಚೆ. ಮಹಾಪ್ರಭು ಅನ್ನುವಂಥ ಬಿರುದುಗಳನ್ನು ಕೆಲವರು ಹೇಳಿದರು. ಕೊನೆಗೆ ನಮ್ಮಲ್ಲಿ ಶ್ರೀ ಅನ್ನುವ ಹಾಗೆ ಬರೀ ಮಿಸ್ಟರ್ ಅಂತ ಉಳಿಯಿತು. ಎರಡು ಅವಧಿ ಆಳಿ, ಮೂರನೆಯದು ಬೇಡ ಎಂದು 1797ರಲ್ಲಿ ಇಳಿದರು.

ಅವರ ಲೋಪ ಇಷ್ಟೇ ಅಲ್ಲ. ಯುದ್ಧದಲ್ಲಿ ಇಂಗ್ಲಿಷರ ಕಡೆ ಸೇರಿದ್ದರು ಅಂತ 1779ರಲ್ಲಿ ಅವರ ಆಜ್ಞೆಯ ಮೇರೆಗೆ ಇರೊಕ್ವಾ ಎಂಬ ಮೂಲನಿವಾಸಿಗಳ ಹಳ್ಳಿಗಳನ್ನು, ಬೆಳೆದು ನಿಂತ ಜೋಳದ ಹೊಲಗಳನ್ನು ಸುಟ್ಟರು. ಇನ್ನೊಂದು ನನಗೆ ತುಂಬಾ ಬೇಜಾರಾದದ್ದು. ಅಧ್ಯಕ್ಷರಾಗಿ ಫಿಲಡೆಲ್ಫಿಯಾದಲ್ಲಿ ವಾಸ ಇದ್ದಾಗ, ಅಲ್ಲಿ ಆರು ತಿಂಗಳು ಇದ್ದ ಗುಲಾಮರು ಬಿಡುಗಡೆ ಕೇಳಬಹುದು ಎಂಬ ಕಾನೂನಿತ್ತು. ವಾಷಿಂಗ್ಟನ್ ಏನು ಮಾಡಿದರು? ಆರು ತಿಂಗಳು ತುಂಬುವ ಮೊದಲೇ ತಮ್ಮ ಮನೆಯ ಗುಲಾಮರನ್ನು ರಾಜ್ಯದ ಗಡಿ ದಾಟಿಸಿ ವಾಪಸು ಕರೆಸುತ್ತಿದ್ದರು. ಕಾಗದ ಓದುವಾಗ ಕಣ್ಣು ಮಂಜಾಯಿತು ಅಂದವರು ಇವರೇ ಎಂದು ನಂಬಲು ಕಷ್ಟ.

1796ರ ಮೇ ತಿಂಗಳಲ್ಲಿ ಆ ಮನೆಯಿಂದ ಓನಾ ಜಡ್ಜ್ ಎಂಬ ಯುವತಿ, ಯಜಮಾನರು ಊಟಕ್ಕೆ ಕೂತಿದ್ದಾಗ ಹೊರಗೆ ನಡೆದು, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿಬಿಟ್ಟಳು. ಆಕೆ ಮಾರ್ತಾ ಅವರ ಬಟ್ಟೆ ಬರೆ ನೋಡಿಕೊಳ್ಳುತ್ತಿದ್ದವಳು. ಅಧ್ಯಕ್ಷರು ಆಕೆಯನ್ನು ಹಿಡಿದು ತರಿಸಲು ಎರಡು ಸಲ ಪ್ರಯತ್ನಪಟ್ಟರು, ಆಗಲಿಲ್ಲ. ಇಡೀ ಕಥೆಯಲ್ಲಿ ತಾತನಿಗೆ ಇಷ್ಟವಾದವಳು ಈಕೆಯೇ.

ಮನಸ್ಸು ಬದಲಾಯಿತೋ ಏನೋ, 1799ರ ಜುಲೈನಲ್ಲಿ ವಾಷಿಂಗ್ಟನ್ ಉಯಿಲು ಬರೆದರು. ಮೌಂಟ್ ವರ್ನನ್‌ನಲ್ಲಿ ಆಗ ಇದ್ದ ಗುಲಾಮರು 317. ಅದರಲ್ಲಿ ಅವರ ಸ್ವಂತಕ್ಕೆ ಸೇರಿದವರು 123. ಆ ಪೈಕಿ ವಿಲಿಯಂ ಲೀ ಅವರಿಗೆ ಕೂಡಲೇ ಬಿಡುಗಡೆ, ವರ್ಷಕ್ಕೆ 30 ಡಾಲರ್ ಜೀವನಾಂಶ. ಉಳಿದವರಿಗೆ ಮಾರ್ತಾ ಕಾಲವಾದ ಮೇಲೆ ಬಿಡುಗಡೆ. ಮುದುಕರಿಗೆ ಅನ್ನ ಬಟ್ಟೆ ಕೊಡಬೇಕು, ತಂದೆತಾಯಿ ಇಲ್ಲದ ಮಕ್ಕಳಿಗೆ ಓದು ಬರಹ ಕಲಿಸಬೇಕು ಎಂದೂ ಬರೆದರು. ಆ ಕಾಲದ ಅಂಥ ದೊಡ್ಡ ಮನುಷ್ಯರಲ್ಲಿ ಹೀಗೆ ಮಾಡಿದವರು ಬಹಳ ಕಡಿಮೆ. ತಡವಾಯಿತು ಅನ್ನುವುದೂ ನಿಜವೇ.

ಡಿಸೆಂಬರ್ 12ರಂದು ಹಿಮ ಮಳೆಯಲ್ಲಿ ಹೊಲ ಸುತ್ತಿ ಬಂದು ಗಂಟಲು ಕಟ್ಟಿತು. ವೈದ್ಯರು ಆಗಿನ ಪದ್ಧತಿಯಂತೆ ಒಂದೇ ದಿನ ನಾಲ್ಕು ಸಲ ರಕ್ತ ತೆಗೆದರು. 14ರ ರಾತ್ರಿ ತೀರಿಕೊಂಡರು. ವಯಸ್ಸು 67. ಅದೇ ವರ್ಷ ಮೇ 4ರಂದು ನಮ್ಮ ಟಿಪ್ಪು ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ಬಿದ್ದಿದ್ದ.

ಮಾರ್ತಾ ತಮ್ಮ ಸಾವಿನವರೆಗೆ ಕಾಯಲಿಲ್ಲ. 1801ರ ಜನವರಿ 1ರಂದೇ ಗಂಡನ ಕಡೆಯ ಗುಲಾಮರನ್ನು ಬಿಟ್ಟರು. ಮೊದಲ ಗಂಡನ ಮನೆಯಿಂದ ಬಂದಿದ್ದವರನ್ನು ಬಿಡುವ ಹಕ್ಕು ಕಾನೂನಿನಲ್ಲಿ ಅವರಿಗೂ ಇರಲಿಲ್ಲ, ವಾಷಿಂಗ್ಟನ್ನರಿಗೂ ಇರಲಿಲ್ಲ. ಆ ಜನರನ್ನು ಮೊಮ್ಮಕ್ಕಳು ಹಂಚಿಕೊಂಡರು. ಗಂಡ ಒಂದು ಪಟ್ಟಿಯಲ್ಲಿ, ಹೆಂಡತಿ ಇನ್ನೊಂದು ಪಟ್ಟಿಯಲ್ಲಿ ಇದ್ದ ಸಂಸಾರಗಳು ಒಡೆದವು. ಓನಾ ಜಡ್ಜ್ ಹೆಸರು ಇದ್ದದ್ದು ಆ ಎರಡನೇ ಪಟ್ಟಿಯಲ್ಲಿ. ಆಕೆ ಓಡಿಹೋದ ಊರಿನ ಕಡೆಯೇ ಮದುವೆಯಾಗಿ, ಓದಲು ಕಲಿತು, ಬಡತನದಲ್ಲೇ ಬಾಳಿ 1848ರಲ್ಲಿ ತೀರಿಕೊಂಡಳು. ಕಾನೂನಿನ ಕಾಗದದಲ್ಲಿ ಅಂದಿನವರೆಗೂ ಆಕೆ ಗುಲಾಮಳೇ. ಅಮೆರಿಕ ಆ ಕಾನೂನನ್ನು ತೆಗೆದುಹಾಕಿದ್ದು 1865ರಲ್ಲಿ.